ವಿಲನ್ ಅಂದ್ರೆ ಯಾರು?

ಸಾವನದುರ್ಗದ ಸುತ್ತಿನ ಹಳ್ಳಿಗಳಿಂದ ಮಾಗಡಿಗೆ ಓದೋಕೆ ಬರುವ ನಮ್ಮ ಹುಡುಗರ ಕೈಯಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ ತಿರುಗುತ್ತಿರುತ್ತದೆ. ನಾರ್ಮನ್ ಲೂಯಿಸ್ ಎಂಬ ಅಮೆರಿಕದ ಮೇಷ್ಟ್ರ 'ವರ್ಡ್ ಪವರ್ ಮೇಡ್ ಈಸಿ', ಮೊದಲು ಅಚ್ಚಾದದ್ದು 1949ರಲ್ಲಿ. ಬ್ಯಾಂಕಿನ ಪರೀಕ್ಷೆಗೆ ಕೂರುವವನಿಗೂ ಕೆಎಎಸ್ ಕನಸು ಕಾಣುವವಳಿಗೂ ಅದೇ ವೇದ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿರಿ ಎಂದು ಧರ್ಮಸೂತ್ರ ಬರೆದಿಟ್ಟ ದೇಶದಲ್ಲಿ ಇಂಥದೊಂದು ವೇದ ಫುಟ್‌ಪಾತಿನ ಮೇಲೆ ಸಿಗುತ್ತದಲ್ಲ, ಸಣ್ಣ ಮಾತಲ್ಲ. ಅದಕ್ಕೇ ಈ ಪುಸ್ತಕವನ್ನು ಹೊಗಳಿ ಸುಮ್ಮನಾಗದೆ ಜಗಳ ಆಡಿಯೇ ಓದಬೇಕು ಅನ್ನೋದು ನಮ್ಮ ವಾದ.

ಮೊದಲು ಅದರ ಋಣ ಹೇಳಿಬಿಡೋಣ. ಉಳ್ಳವರ ಮಗು ಉಣ್ಣುತ್ತಾ ಉಣ್ಣುತ್ತಾ ಮನೆಯಲ್ಲೇ ಇಂಗ್ಲಿಷ್ ಕಲಿಯುತ್ತದೆ. ಹೆಬ್ಬೆಟ್ಟು ಒತ್ತುವ ಅಪ್ಪಂದಿರ ನಮ್ಮ ಹಟ್ಟಿಗಳಲ್ಲಿ ಆ ಮಾತನ್ನು ಯಾರ ಬಾಯಲ್ಲಿ ಕೇಳಬೇಕು? ಉರು ಹೊಡೆದದ್ದು ಪರೀಕ್ಷೆ ಮುಗಿದ ಸಂಜೆಗೇ ಉದುರಿಹೋಗುತ್ತದೆ. ಲೂಯಿಸ್ ತೋರುವ ದಾರಿ ಬೇರೆ: ಪದದ ಬೇರು ಹಿಡಿ. ಗ್ರೀಕಿನಲ್ಲಿ 'ಗೈನೆ' ಎಂದರೆ ಹೆಂಗಸು. ಹೆಂಗಸರನ್ನು ಕಂಡರಾಗದವನು 'ಮಿಸಾಜಿನಿಸ್ಟ್'. ಅದೇ 'ಗೈನೆ' ಹೆರಿಗೆ ಆಸ್ಪತ್ರೆಯ ಬೋರ್ಡಿನ ಮೇಲೆ 'ಗೈನಕಾಲಜಿಸ್ಟ್' ಆಗಿ ಕೂತಿದೆ. ಕಡ್ಲೆಕಾಯಿ ಗಿಡ ಒಂದು ಕಿತ್ತರೆ ಗೊಂಚಲೇ ಮೇಲೆ ಬಂದ ಹಾಗೆ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ, ದಲಿತ ಹುಡುಗರು ಇಂಗ್ಲಿಷ್ ಕಲಿಯಲಿ ಅಂದದ್ದಕ್ಕೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರ ಮಂತ್ರಿಗಿರಿಯೂ ಹೋಯಿತು. ಅಷ್ಟು ಬೆಲೆ ತೆತ್ತ ಇಂಗ್ಲಿಷಿಗೆ ಹತ್ತುವ ಏಣಿ ಇದು.

ಆದರೆ ಏಣಿಯ ಒಂದು ಮೆಟ್ಟಿಲು ನೋಡಿ. ಗೆಳೆಯರನ್ನು ಹೊಗಳುವುದು ಹೇಗೆ ಅಂತ ಒಂದು ಅಧ್ಯಾಯ. ಅದರ ಹತ್ತು ಪದಗಳಲ್ಲಿ ಒಂದು 'ಅರ್ಬೇನ್': ನಯ ನಾಜೂಕು ಬಲ್ಲವನು. ಬೇರು ಲ್ಯಾಟಿನ್ನಿನ 'ಉರ್ಬ್ಸ್', ಅಂದರೆ ಪಟ್ಟಣ. ಅದರ ಎದುರಿಗೆ 'ರಸ್ಟಿಕ್'. ಬೇರು 'ರೂಸ್', ಅಂದರೆ ಹಳ್ಳಿಗಾಡು. ಮನುಷ್ಯರಿಗೆ ಹೇಳುವಾಗ ಮೊದಲನೆಯದು ಹೊಗಳಿಕೆ, ಎರಡನೆಯದು ಹೀಯಾಳಿಕೆ ಎಂದು ಲೂಯಿಸರೇ ಬರೆಯುತ್ತಾರೆ. ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತಾರೆ! ಹಳ್ಳಿಯಲ್ಲಿ ಹುಟ್ಟಿದ್ದು ಯಾವಾಗ ಬೈಗುಳವಾಯಿತು, ಯಾರ ಬಾಯಲ್ಲಿ ಆಯಿತು ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ನಮ್ಮ ಹುಡುಗ ಬಿಟ್ಟ ಜಾಗ ತುಂಬುತ್ತಾ ತನ್ನನ್ನು ತಾನೇ ಬೈದುಕೊಂಡು ಮಾರ್ಕ್ಸು ತಗೋತಾನೆ.

ಇದು ಬಿಳಿಯರ ರೋಗ ಅಂತ ನಮ್ಮ ಪಂಡಿತರು ಬೀಗಬೇಕಾಗಿಲ್ಲ. ನಗರದಿಂದ 'ನಾಗರಿಕ' ಬಂತು, ಗ್ರಾಮದಿಂದ 'ಗ್ರಾಮ್ಯ'. ನಮ್ಮ ಅಲಂಕಾರಶಾಸ್ತ್ರದಲ್ಲಿ ಗ್ರಾಮ್ಯ ಒಂದು ಕಾವ್ಯದೋಷ. 'ಗಮಾರ'ನ ಬೇರೂ ಗ್ರಾಮವೇ. ಕೇರಿಯ ಮಾತಂತೂ ಆ ಗ್ರಾಮಕ್ಕೂ ಹೊರಗೆ.

ಇನ್ನು 'ವಿಲನ್'. ಲ್ಯಾಟಿನ್ನಿನಲ್ಲಿ 'ವಿಲ್ಲಾ' ಅಂದರೆ ಜಮೀನ್ದಾರನ ತೋಟದ ಮನೆ. ಅಲ್ಲಿ ದುಡಿಯುವ ಆಳು 'ವಿಲ್ಲಾನುಸ್'. ಆ ಪದ ಫ್ರೆಂಚಿನವರ ಮೂಲಕ ಇಂಗ್ಲೆಂಡಿಗೆ ಬಂದು ದಣಿಯ ನೆಲಕ್ಕೆ ಕಟ್ಟುಬಿದ್ದ ಜೀತದವನ ಹೆಸರಾಯಿತು. ದಣಿಗಳ ಬಾಯಲ್ಲಿ ಅದು ಒರಟ ಅಂತಾಯಿತು, ಆಮೇಲೆ ನೀಚ, ಆಮೇಲೆ ಕೇಡಿಗ. ನಮ್ಮ ಸಿನಿಮಾಗಳಲ್ಲಿ ಬಡವರ ಹೊಲ ಕಿತ್ತುಕೊಳ್ಳುವ ಸಾಹುಕಾರ ವಿಲನ್. ಪದದ ಚರಿತ್ರೆಯಲ್ಲಿ ಹೊಲ ಉತ್ತವನೇ ವಿಲನ್. ಈಗ ಮಾಗಡಿ ರಸ್ತೆಯಲ್ಲಿ ಬೋರ್ಡು ನೆಟ್ಟು ಮಾರುವ 'ವಿಲ್ಲಾ' ಅದೇ ವಿಲ್ಲಾ. ಮನೆಗೆ ಮಾನ ಉಳಿಯಿತು, ಆಳಿನ ಮಾನ ಹೋಯಿತು. ತಮಿಳಿನ 'ಪರೈ' ನಮ್ಮ ತಮಟೆಯಂಥ ವಾದ್ಯ. ಅದನ್ನು ಬಾರಿಸುವವರ ಹೆಸರು ಇಂಗ್ಲಿಷಿಗೆ ಹೋಗಿ 'ಪರಾಯ' ಆಗಿ, ಯಾರಿಗೂ ಬೇಡದವನು ಅಂತಾಯಿತು. ಸದ್ದು ಬಿಟ್ಟು ಮೈಲಿಗೆಯನ್ನು ಮಾತ್ರ ಹಡಗು ಹತ್ತಿಸಿದರು.

ಬೇರು ಹೇಳುವವರು ಯಾರು ಅನ್ನೋದನ್ನೂ ಕೇಳಬೇಕು. ನಮ್ಮ ಬೆಟ್ಟದ ಹೆಸರನ್ನೇ ತಗೊಳ್ಳಿ. 1340ರ, ಮೂರನೆಯ ಬಲ್ಲಾಳನ ಕಾಲದ ಶಾಸನದಲ್ಲಿ ಅದು 'ಸಾವಂದಿ'. ಸಾಮಂತರಾಯನ ದುರ್ಗ ಅಂತಲೂ ಹೇಳ್ತಾರೆ, ಶಾಸನದ ಆಧಾರವಿಲ್ಲ. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಕೈಯಿಂದ ಕೋಟೆ ಕಿತ್ತುಕೊಂಡ ಕಾರ್ನ್‌ವಾಲಿಸನ ಕಡೆಯವರು ಇದನ್ನು 'ಸಾವಿನ ಬಂಡೆ' ಎಂದು ಬರೆದುಕೊಂಡರು. ಅವರ ಬಾಯಲ್ಲಿ ದುರ್ಗ 'ಡ್ರೂಗ್' ಆಯಿತು. 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿಗೂ ಸೇರಿತು. ಗೆದ್ದವನು ಕೋಟೆಯ ಜೊತೆ ಅದರ ಅರ್ಥವನ್ನೂ ಹಿಡಿದುಕೊಳ್ಳುತ್ತಾನೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಬೇರು ಹಿಡಿದೇ ಪಾಠ ಮಾಡಿ, ಆದರೆ ಒಮ್ಮೆ 'ಬಾಯ್ಕಾಟ್'ನಿಂದ ಶುರು ಮಾಡಿ. 1880, ಐರ್ಲೆಂಡಿನ ಮೇಯೋ ಸೀಮೆ. ಚಾರ್ಲ್ಸ್ ಬಾಯ್ಕಾಟ್ ಅನ್ನೋನು ಒಬ್ಬ ದೊಡ್ಡ ದಣಿಯ ಜಮೀನಿನ ಪಾರುಪತ್ತೆದಾರ. ಗೇಣಿದಾರರನ್ನು ಒಕ್ಕಲೆಬ್ಬಿಸಲು ಹೊರಟ. ಕೂಲಿಯವರು ಅವನ ಹೊಲಕ್ಕೆ ಕಾಲಿಡಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ವರ್ಷ ತಿರುಗುವುದರೊಳಗೆ ಅವನ ಹೆಸರೇ ಕ್ರಿಯಾಪದವಾಯಿತು. ನಾವು ಬಲ್ಲ ಬಹಿಷ್ಕಾರ ಮೇಲಿನವರು ಕೇರಿಗೆ ಹಾಕುವಂಥದು: ಉಪ್ಪಿಲ್ಲ, ಕೂಲಿಯಿಲ್ಲ, ನೀರಿಲ್ಲ. 1927ರಲ್ಲಿ ಅಂಬೇಡ್ಕರ್ ತಮ್ಮ ಪತ್ರಿಕೆಗೆ 'ಬಹಿಷ್ಕೃತ ಭಾರತ' ಎಂದೇ ಹೆಸರಿಟ್ಟರು. ಎರಡು ಪದಗಳನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯಿರಿ. ಎಲ್ಲಿ ಯಾರು ಯಾರಿಗೆ ಅಂಗಡಿ ಬಾಗಿಲು ಮುಚ್ಚಿದರು ಅಂತ ಮಕ್ಕಳನ್ನು ಕೇಳಿ. ಸ್ಪೆಲ್ಲಿಂಗು ಆಮೇಲೆ ತಾನಾಗೇ ಬರುತ್ತೆ.