ಶೆಣೈ ಮತ್ತು ಬಾರನ್: ಒಂದೇ ಯೋಜನೆಗೆ ಎರಡು ಆಕ್ಷೇಪಗಳು

ಅರ್ಥಶಾಸ್ತ್ರದ ಕೆಲವು ಪಾರಿಭಾಷಿಕ ಪದಗಳು ಕನ್ನಡಕ್ಕೆ ಬರುವಾಗ ತಮ್ಮ ಅರ್ಥವನ್ನು ದಾರಿಯಲ್ಲೇ ಬಿಟ್ಟು ಬಂದಿವೆ. 'ಲಿಬರಲ್' ಎಂಬುದನ್ನು ನಾವು 'ಉದಾರವಾದಿ' ಎಂದೆವು. ಉದಾರಿ ಎಂದೊಡನೆ ನಮಗೆ ನೆನಪಾಗುವವನು ಕರ್ಣ. ಆದರೆ ಆ ಪಂಥದವರು ಬಯಸುವುದು, ಕೊಳ್ಳುವವನೂ ಮಾರುವವನೂ ಸರಕಾರದ ಅಪ್ಪಣೆಗೆ ಕಾಯದೆ ವ್ಯವಹರಿಸುವ ಸ್ವಾತಂತ್ರ್ಯವನ್ನು. 'ರ್‍ಯಾಡಿಕಲ್' ಎಂಬುದನ್ನು 'ತೀವ್ರವಾದಿ' ಎಂದದ್ದಂತೂ ಇನ್ನೂ ದೊಡ್ಡ ಅನರ್ಥ. ಆ ಪದದ ಲ್ಯಾಟಿನ್ ಮೂಲಕ್ಕೆ 'ಬೇರು' ಎಂದರ್ಥ. ಬೇರನ್ನು ಹುಡುಕಹೊರಟವನ ಕೈಗೆ ನಾವು ಬಂದೂಕು ಕೊಟ್ಟೆವು! ಇಲ್ಲಿ ಅವನನ್ನು 'ಮೂಲಗಾಮಿ' ಎಂದು ಕರೆಯುತ್ತೇನೆ. ಅಮೆರಿಕದಲ್ಲಿ 'ಲಿಬರಲ್' ಎಂದರೆ ಸರಕಾರಿ ವೆಚ್ಚದ ಪರವಾಗಿರುವವನು ಎಂಬ ಬೇರೊಂದು ಅರ್ಥವೂ ಬೆಳೆದಿದೆ. ಅದನ್ನು ಬದಿಗಿರಿಸಿ, ಯುರೋಪಿನ ಹಳೆಯ ಅರ್ಥವನ್ನೇ ಹಿಡಿದಿದ್ದೇನೆ.

ಈ ಇಬ್ಬರ ದೃಷ್ಟಿಭೇದವನ್ನು ಅರಿಯಲು ನಮ್ಮ ಎರಡನೆಯ ಪಂಚವಾರ್ಷಿಕ ಯೋಜನೆಗಿಂತ ಒಳ್ಳೆಯ ನಿದರ್ಶನವಿಲ್ಲ. ಭಾರೀ ಕೈಗಾರಿಕೆಗೆ ಆದ್ಯತೆ ನೀಡುವ ಅದರ ಚೌಕಟ್ಟನ್ನು ರೂಪಿಸಿದವರು ಮಹಾಲನೋಬಿಸ್. 1955ರಲ್ಲಿ ಅದನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಒಬ್ಬರೇ ಒಬ್ಬರು ಭಿನ್ನಮತದ ಟಿಪ್ಪಣಿ ಬರೆದರು. ಅವರು ಬಿ. ಆರ್. ಶೆಣೈ. ಆ 'ಬಿ' ಎಂದರೆ ಬೆಳ್ಳಿಕೋತ್. ನಮ್ಮ ಹೊಸದುರ್ಗ ತಾಲೂಕಿನ ಊರು. ಎರಡು ವರ್ಷಗಳ ತರುವಾಯ, 1957ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ಸ್‌ವಾದಿ ಪ್ರಾಧ್ಯಾಪಕ ಪಾಲ್ ಬಾರನ್ ಅವರ 'ದಿ ಪೊಲಿಟಿಕಲ್ ಎಕಾನಮಿ ಆಫ್ ಗ್ರೋತ್' ಪ್ರಕಟವಾಯಿತು. ಭಾರತದ ಮಾರ್ಗವನ್ನು ಅವರೂ ಒಪ್ಪಲಿಲ್ಲ. ಇಬ್ಬರ ಆಕ್ಷೇಪಗಳೂ ಒಂದೇ ದಾರಿಯ ಮೇಲೆ, ಎದುರೆದುರು ದಿಕ್ಕುಗಳಿಂದ.

ಶೆಣೈಯವರ ವಾದ ಮನೆಯ ಯಜಮಾನನ ಲೆಕ್ಕದಂತೆ ಸರಳ. ದೇಶದಲ್ಲಿ ನಿಜವಾಗಿ ಆಗುವ ಉಳಿತಾಯ ಎಷ್ಟೋ ಹೂಡಿಕೆಯೂ ಅಷ್ಟೇ ಇರಬೇಕು. ಅದನ್ನು ಮೀರಿ ನೋಟು ಮುದ್ರಿಸಿದರೆ ಬೆಲೆ ಏರುತ್ತದೆ. ಬೆಲೆಯನ್ನು ತಡೆಯಲು ನಿಯಂತ್ರಣ ಬರುತ್ತದೆ. ನಿಯಂತ್ರಣದ ಬೆನ್ನಿಗೆ ಕಾಳಸಂತೆ. ಅಂತಿಮವಾಗಿ ಅಂಗೀಕೃತವಾದ ಯೋಜನೆಯಲ್ಲಿ ಸರಕಾರಿ ವಲಯದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ, ಎಂದರೆ ಕಾಲುಭಾಗ, ಕೊರತೆ ಹಣಕಾಸಿನದು. ಯೋಜನೆ ಆರಂಭವಾದ ಮರುವರ್ಷವೇ ವಿದೇಶೀ ವಿನಿಮಯದ ಬಿಕ್ಕಟ್ಟು ತಲೆದೋರಿ ಅದನ್ನು ಮೊಟಕುಗೊಳಿಸಬೇಕಾಯಿತು. ಆ ಮಟ್ಟಿಗೆ ಒಂಟಿ ದನಿಯೇ ಸರಿಯಾಗಿತ್ತೆಂದು ಒಪ್ಪಲೇಬೇಕು.

ಬಾರನ್ನರು ಉಳಿತಾಯದಿಂದ ಆರಂಭಿಸುವುದೇ ಇಲ್ಲ. ಸಮಾಜವು ಉತ್ಪಾದಿಸಿದ್ದರಲ್ಲಿ ಉಂಡುಟ್ಟು ಮಿಕ್ಕದ್ದನ್ನು ಅವರು 'ಮಿಗತೆ' ಎನ್ನುತ್ತಾರೆ. ಕಣ್ಣಿಗೆ ಕಾಣುವ ಮಿಗತೆ ಒಂದು. ದುಂದುಗಾರಿಕೆ, ನಿರುದ್ಯೋಗ, ಅವ್ಯವಸ್ಥೆಗಳು ಇಲ್ಲದಿದ್ದರೆ ದೊರೆಯಬಹುದಾಗಿದ್ದ ಮಿಗತೆ ಇನ್ನೊಂದು. ಹಿಂದುಳಿದ ದೇಶ ಬಡವಾಗಿರುವುದು ಮಿಗತೆ ಇಲ್ಲದೆ ಅಲ್ಲ, ಅದು ಭೂಮಾಲಿಕ, ಲೇವಾದೇವಿಗಾರ, ವ್ಯಾಪಾರಿಗಳ ಬಳಿ ವ್ಯರ್ಥವಾಗುವುದರಿಂದ ಎಂಬುದು ಅವರ ಪ್ರತಿಪಾದನೆ. ಭಾರತ ಸರಕಾರವನ್ನು ಅವರು ರೂಸ್‌ವೆಲ್ಟರ 'ನ್ಯೂ ಡೀಲ್' ಮಾದರಿಯದೆಂದು ವರ್ಗೀಕರಿಸಿದರು: ಉದ್ದೇಶ ಒಳ್ಳೆಯದು, ಆದರೆ ಆಸ್ತಿವಂತರನ್ನು ಎದುರು ಹಾಕಿಕೊಳ್ಳುವ ಧೈರ್ಯವಿಲ್ಲ.

ನಮ್ಮ ಸೀಮೆಯ ಚಾಲಗೇಣಿಯನ್ನೇ ಉದಾಹರಣೆಯಾಗಿ ಊಹಿಸೋಣ. ಒಕ್ಕಲು ನೂರು ಮುಡಿ ಅಕ್ಕಿ ಬೆಳೆದು ಐವತ್ತನ್ನು ಧಣಿಗೆ ಅಳೆದ. ಧಣಿ ಅದನ್ನು ಮಾರಿ ಮಗಳ ಮದುವೆಯನ್ನು ಅದ್ದೂರಿಯಾಗಿ ಮಾಡಿದ. ಶೆಣೈಯವರ ಲೆಕ್ಕದಲ್ಲಿ ಇದು ಖರ್ಚಾಗಿ ಹೋದ ಹಣ. ಉಳಿಯಲಿಲ್ಲವಾದ್ದರಿಂದ ಯೋಜನೆಗೆ ಆಧಾರವಾಗದು. ಬಾರನ್ನರ ಲೆಕ್ಕದಲ್ಲಿ ಆ ಐವತ್ತು ಮುಡಿಯೇ ಆಗಬೇಕಿದ್ದ ಕಾರ್ಖಾನೆಯ ಬಂಡವಾಳ. ಒಬ್ಬರು ಸಂತೆಗೆ ಬಂದವರನ್ನು ಬಂದ ಸ್ಥಿತಿಯಲ್ಲೇ ಸ್ವೀಕರಿಸಿ ವ್ಯವಹಾರ ನ್ಯಾಯವೇ ಎಂದು ನೋಡುತ್ತಾರೆ. ಇನ್ನೊಬ್ಬರು, ಒಬ್ಬ ತುಂಬಿದ ಗಾಡಿಯೊಡನೆಯೂ ಇನ್ನೊಬ್ಬ ಬರಿಗೈಯಲ್ಲಿಯೂ ಬಂದದ್ದು ಹೇಗೆ ಎಂದು ಕೇಳುತ್ತಾರೆ. ಈ ಎರಡನೆಯ ಪ್ರಶ್ನೆಯನ್ನು ಶೆಣೈ ತಮ್ಮ ಟಿಪ್ಪಣಿಯ ಆಚೆಗೇ ನಿಲ್ಲಿಸಿದ್ದು ಆ ಬರಹದ ದೊಡ್ಡ ಕೊರತೆ. ಉಳಿತಾಯದ ಪ್ರಮಾಣವನ್ನು ಅವರು ಮಳೆಯ ಪ್ರಮಾಣದಂತೆ ದೈವದತ್ತವೆಂದು ಭಾವಿಸಿದರೇನೋ ಎನಿಸುತ್ತದೆ.

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, 1970ರ ಜನವರಿ 1ರಂದು ಇಲ್ಲಿ ಗೇಣಿಪದ್ಧತಿ ರದ್ದಾಯಿತು. ಗಡಿಯಾಚೆ ಕರ್ನಾಟಕದ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಬೆಲೆಗಳ ಏರಿಳಿತವನ್ನು ನಂಬಿ ಕುಳಿತಿದ್ದರೆ ಒಕ್ಕಲಿನ ಹೆಸರು ಪಹಣಿಗೆ ಏರುತ್ತಿರಲಿಲ್ಲ. ಹಾಗೆಂದು ಬಾರನ್ನರ ಗೆಲುವನ್ನು ಸಾರಬೇಕಾಗಿಲ್ಲ. ಕೈಗಾರಿಕೆ ಜತೆಗೂಡದ ಭೂಸುಧಾರಣೆಯಿಂದ ರೈತನ ಊಟ ಹೆಚ್ಚೀತೇ ಹೊರತು ಮಿಗತೆ ಹೆಚ್ಚದೆಂದು ಅವರೇ ಎಚ್ಚರಿಸಿದ್ದರು. ರೈತನ ಊಟ ಹೆಚ್ಚುವುದನ್ನು ಅಡ್ಡಿಯೆಂದು ಎಣಿಸುವ ಶಾಸ್ತ್ರ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಸೋವಿಯತ್ ದೇಶದಲ್ಲಿ ಬೇಸಾಯವನ್ನು ಬಲವಂತದಿಂದ ಸಾಮೂಹಿಕಗೊಳಿಸಿದಾಗ ಸತ್ತವರ ಲೆಕ್ಕವನ್ನು ಅವರ ಗ್ರಂಥ ತೂಗಬೇಕಾದಷ್ಟು ತೂಗಿಲ್ಲ. ಆ ಪ್ರಭುತ್ವದ ಭಯ ಏನೆಂಬುದನ್ನು ಶೆಣೈ ಬಲ್ಲರು. ಅದು ಅವರ ಹೆಚ್ಚುಗಾರಿಕೆ.

ಉದಾರವಾದಿಗೆ ಬಡವರ ಚಿಂತೆಯಿಲ್ಲ ಎಂಬುದು ವೇದಿಕೆಗಳಲ್ಲಿ ಆಗಾಗ ಕೇಳಿಬರುವ ಮಾತು. ಶೆಣೈಯವರ ಮುಂದಿನ ಬರಹಗಳನ್ನು ನೋಡಿದರೆ ಅದು ನಿಲ್ಲದು. ಆಮದು ಪರವಾನಿಗಿ ಪಡೆದವನು ಹೊರಗೆ ಅಗ್ಗಕ್ಕೆ ಕೊಂಡು ಒಳಗೆ ದುಬಾರಿಗೆ ಮಾರುತ್ತಾನೆ. ನಡುವಣ ಲಾಭ ಬಡವನ ಜೇಬಿನಿಂದ ಧನಿಕನ ಪೆಟ್ಟಿಗೆಗೆ ಹೋದ ಹಣವೆಂದು ಅವರು ಮತ್ತೆ ಮತ್ತೆ ವಾದಿಸಿದರು. ದುಡಿಯದೆ ಬಂದ ಈ ಆದಾಯಕ್ಕೂ ಧಣಿಯ ಐವತ್ತು ಮುಡಿಗೂ ಏನು ಭೇದ? ಇಲ್ಲಿ ಇಬ್ಬರೂ ಹತ್ತಿರ ಬರುತ್ತಾರೆ, ಮರುಕ್ಷಣವೇ ಅಗಲುತ್ತಾರೆ. ಪರವಾನಿಗಿಯನ್ನು ತೆಗೆದುಹಾಕಿ ಎನ್ನುತ್ತಾರೆ ಶೆಣೈ. ಪರವಾನಿಗಿ ಕೊಡುವ ಸರಕಾರ ಯಾರ ಕೈಯಲ್ಲಿದೆ ಎನ್ನುವುದು ಬಾರನ್ನರ ಪ್ರಶ್ನೆ. ಬಾರನ್ 1964ರಲ್ಲಿ, ಶೆಣೈ 1978ರಲ್ಲಿ ತೀರಿಕೊಂಡರು. ಪರವಾನಿಗಿಯ ಬಹುಭಾಗ ರದ್ದಾದದ್ದು 1991ರಲ್ಲಿ. ಬಾರನ್ನರ ಪ್ರಶ್ನೆ ಆ ವರ್ಷದ ಸುಧಾರಣೆಗಳ ಪಟ್ಟಿಯಲ್ಲಿ ಇರಲಿಲ್ಲ.