ಮೂವರ ಆಟ ಅರೆ ಆಟವಲ್ಲ: ಮಕ್ಕಳ ಬ್ಯಾಸ್ಕೆಟ್‌ಬಾಲ್ ತರಬೇತಿಯ ಒಂದು ವಿಮರ್ಶೆ

ಗಡಿನಾಡಿನ ಕನ್ನಡ ಶಾಲೆಗಳ ಬಗ್ಗೆ ಮಾತಾಡುವಾಗ ನಾವು ಪಠ್ಯ, ಮಾಧ್ಯಮ, ಶಿಕ್ಷಕರ ನೇಮಕ ಇಷ್ಟಕ್ಕೇ ನಿಲ್ಲುತ್ತೇವೆ. ಆಟದ ಅಂಗಳ ಚರ್ಚೆಗೆ ಬರೋದು ಕಡಿಮೆ. ಮಕ್ಕಳ ಸಂಖ್ಯೆ ಇಳಿದ ಶಾಲೆಯಲ್ಲಿ ‘ತಂಡ ಆಗೋದಿಲ್ಲ’ ಅನ್ನೋ ಮಾತು ಸುಲಭವಾಗಿ ಬಂದುಬಿಡುತ್ತದೆ. ಬ್ಯಾಸ್ಕೆಟ್‌ಬಾಲನ್ನು ಮುಂದಿಟ್ಟುಕೊಂಡು ಆ ಮಾತನ್ನೇ ಇಲ್ಲಿ ಪರಿಶೀಲಿಸುತ್ತೇನೆ.

ಐದೈದು ಜನ ಎಂಬ ಲೆಕ್ಕ ಈ ಆಟದ ಜೊತೆಗೇ ಹುಟ್ಟಿದ್ದಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ತರಗತಿಯಲ್ಲಿದ್ದ 18 ವಿದ್ಯಾರ್ಥಿಗಳನ್ನು ಒಂಬತ್ತೊಂಬತ್ತಾಗಿ ಹಂಚಿ ಆಡಿಸಿದರು. ಇದ್ದ ಮಂದಿಗೆ ತಕ್ಕ ಆಟ. ನಮ್ಮ ಲಗೋರಿಯೂ ಹಾಗೇ ಅಲ್ವಾ?

ಈಗ ಸರಳ ಲೆಕ್ಕ ನೋಡೋಣ. ಒಂದು ಅಂಕಣ, 12 ಮಕ್ಕಳು, 20 ನಿಮಿಷ. ಐದೈದು ಜನರನ್ನು ಆಡಿಸಿದರೆ ಇಬ್ಬರು ಹೊರಗೆ ಕೂರುತ್ತಾರೆ. ಆಡುವವರಿಗೆ ಚೆಂಡು ಸಮವಾಗಿ ಸಿಕ್ಕರೂ ತಲಾ ಎರಡೇ ನಿಮಿಷ. ಅದರ ಬದಲು ಎರಡು ಬುಟ್ಟಿಗಳ ಕೆಳಗೆ ಮೂರು-ಮೂರರ ಎರಡು ಆಟ ಇಟ್ಟರೆ ಎಲ್ಲರೂ ಒಳಗೆ. ತಲಾ 3 ನಿಮಿಷ 20 ಸೆಕೆಂಡ್. ಕೋನ್‌ಗಳ ನಡುವೆ ಸಾಲಾಗಿ ಡ್ರಿಬಲ್ ಮಾಡಿಸಿದರೂ ಚೆಂಡು ಸಿಗುತ್ತದೆ, ನಿಜ. ಆದರೆ ಕೋನ್ ಅಡ್ಡ ಬರೋದಿಲ್ಲ, ಮೋಸಹೋಗೋದೂ ಇಲ್ಲ. ಎದುರಾಳಿ ಇದ್ದಾಗ ಮಾತ್ರ ಪಾಸೋ, ಶಾಟೋ, ನುಗ್ಗೋದೋ ಅಂತ ಮಗು ತಾನೇ ತೀರ್ಮಾನಿಸಬೇಕು. ಮೂವರಲ್ಲಿ ಒಬ್ಬರಾದ ಮೇಲೆ ಮೂಲೆಯಲ್ಲಿ ನಿಂತು ತಪ್ಪಿಸಿಕೊಳ್ಳೋಕೂ ಆಗಲ್ಲ.

ಹಾಗಂತ ‘ಸಣ್ಣ ಆಟ ಮಾಡಿಸಿದರೆ ಸಾಕು’ ಎಂಬ ಹೊಗಳಿಕೆಯನ್ನೂ ಒಪ್ಪಲಾರೆ. ಗಟ್ಟಿಗ ಒಬ್ಬನಿದ್ದರೆ ಮೂವರ ಆಟವೂ ಅವನೊಬ್ಬನದ್ದೇ ಆಗಿಬಿಡುತ್ತದೆ. ಆಗ ನಿಯಮ ಬದಲಿಸಬೇಕು: ಸ್ವಲ್ಪ ಹೊತ್ತು ಡ್ರಿಬಲ್ ಇಲ್ಲ, ಪಾಸ್ ಮಾತ್ರ, ಅಥವಾ ಮೂವರೂ ಮುಟ್ಟಿದ ಮೇಲಷ್ಟೇ ಶಾಟ್. ಇನ್ನೊಂದು ಮಿತಿಯೂ ಇದೆ. ಅರ್ಧ ಅಂಕಣದಲ್ಲಿ, ಚೆಂಡು ಕಳೆದುಕೊಂಡ ಕೂಡಲೇ ಹಿಂದಕ್ಕೆ ಓಡಿ ತಮ್ಮ ಬುಟ್ಟಿ ಕಾಯುವ ಅಭ್ಯಾಸ ಆಗೋದಿಲ್ಲ. ಅದಕ್ಕೆ ಕಡಿಮೆ ಮಂದಿಯನ್ನೇ ಪೂರ್ತಿ ಅಂಕಣದಲ್ಲೂ ಆಡಿಸಬೇಕು. ಅಂದರೆ ಕಲಿಸೋದು ಆಟದ ಗಾತ್ರವಲ್ಲ, ಅದಕ್ಕೆ ಹಾಕುವ ನಿಯಮ.

ಇಲ್ಲಿ ಕೋಚ್‌ನ ಪಾತ್ರವೇ ಬದಲಾಗುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂರು-ಮೂರರ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಸೇರಿದಾಗ ಅಂಕಣದ ಬದಿಯಲ್ಲಿ ಕೋಚ್‌ಗೆ ಜಾಗವಿರಲಿಲ್ಲ, ತೀರ್ಮಾನವೆಲ್ಲ ಆಟಗಾರರದ್ದೇ. ಆದರೆ ಮಕ್ಕಳ ತರಬೇತಿಯಲ್ಲಿ ಪ್ರತಿ ಪಾಸನ್ನೂ ಹೊರಗಿಂದ ಕೂಗಿ ಹೇಳುವ ಚಾಳಿ ಉಂಟು. ಮೂವರ ಆಟ ಆಡಿಸಿಯೂ ಹೀಗೆ ಕೂಗುತ್ತಿದ್ದರೆ ಅದು ಮತ್ತೆ ಕೋನ್ ಡ್ರಿಲ್ಲೇ. ಕಾಸರಗೋಡಿನಂಥ ಕಡೆ ತುಳು, ಮಲಯಾಳ, ಕನ್ನಡದ ಮಕ್ಕಳು ಒಂದೇ ಅಂಗಳದಲ್ಲಿರುತ್ತಾರೆ. ಅಲ್ಲಿ ಯಾವ ಭಾಷೆಯಲ್ಲಿ ಕೂಗಬೇಕು ಅನ್ನೋದಕ್ಕಿಂತ ಯಾವಾಗ ಸುಮ್ಮನಿರಬೇಕು ಅನ್ನೋದು ದೊಡ್ಡ ಪ್ರಶ್ನೆ. ಕೋಚ್ ಸುಮ್ಮನಾದಾಗ ಮಕ್ಕಳು ತಮ್ಮೊಳಗೇ ಮಾತಾಡಿಕೊಳ್ಳಲೇಬೇಕಾಗುತ್ತದೆ.

ಆರು ಮಕ್ಕಳು, ಒಂದು ಚೆಂಡು, ಒಂದು ಬುಟ್ಟಿ ಇದ್ದರೆ ಆಟ ಶುರು ಮಾಡಬಹುದು. ಐದೈದು ಮಂದಿ ಆಗಲಿ ಅಂತ ಕಾಯುತ್ತಾ ಕೂತರೆ, ಆ ಆರು ಜನರ ಬಾಲ್ಯ ನಮಗಾಗಿ ಕಾಯೋದಿಲ್ಲ.