ಉಂಗುರ ಮರೆತವರು ಯಾರು, ಪೆಟ್ಟು ತಿಂದವರು ಯಾರು?

ಕಾಳಿದಾಸನ ‘ಅಭಿಜ್ಞಾನಶಾಕುಂತಲ’ವನ್ನು ಕುರಿತ ವಿಮರ್ಶೆಗೆ ಕನ್ನಡದಲ್ಲಿ ಕೊರತೆಯಿಲ್ಲ. ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡಕ್ಕೆ ತಂದಂದಿನಿಂದ ವಿದ್ವಾಂಸರು ಅದರ ಸೊಬಗನ್ನು ಮತ್ತೆ ಮತ್ತೆ ವಿವರಿಸಿದ್ದಾರೆ. ನಾಲ್ಕನೆಯ ಅಂಕದ ಬೀಳ್ಕೊಡುಗೆ, ಐದನೆಯ ಅಂಕದ ನಿರಾಕರಣೆ, ಏಳನೆಯ ಅಂಕದ ಪುನರ್ಮಿಲನ, ಇವುಗಳ ಮೇಲೆಯೇ ಸಹೃದಯರ ದೃಷ್ಟಿ ನಿಲ್ಲುವುದು ಸಹಜ. ಆದರೆ ಆರನೆಯ ಅಂಕದ ಮೊದಲಲ್ಲಿ ಬರುವ ಪುಟ್ಟ ಪ್ರವೇಶಕವೊಂದಿದೆ. ಬೆಸ್ತನೊಬ್ಬನನ್ನು ನಗರರಕ್ಷಕರು ಹಿಡಿದು ತರುವ ಪ್ರಸಂಗವದು. ರಂಗದ ಮೇಲೆ ಅದನ್ನು ಹಾಸ್ಯದ ತುಣುಕೆಂದು ಆಡುತ್ತಾರೆ. ಶಾಲೆಯ ಪಾಠದಲ್ಲಿ ಕಥೆಯ ಕೊಂಡಿಯೆಂದು ಹೇಳಿ ಮುಗಿಸುತ್ತಾರೆ. ದಂಡಾಧಿಕಾರಕ್ಕೂ ದುಡಿದು ಉಣ್ಣುವವನಿಗೂ ಇರುವ ಸಂಬಂಧವನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ದೃಶ್ಯಗಳು ಪ್ರಾಚೀನ ನಾಟಕಸಾಹಿತ್ಯದಲ್ಲಿ ವಿರಳ. ಅದನ್ನು ನಗೆಯ ದೃಶ್ಯವೆಂದಷ್ಟೇ ಓದುವುದು ಅರೆ ಓದು.

ಪ್ರಸಂಗ ಹೀಗಿದೆ. ಅರಸನ ಹೆಸರು ಕೆತ್ತಿದ ಉಂಗುರವನ್ನು ಮಾರಲೆಂದು ತೋರಿಸುತ್ತಿದ್ದ ಬೆಸ್ತನೊಬ್ಬ ಸಿಕ್ಕಿಬಿದ್ದಿದ್ದಾನೆ. ಅವನ ಕೈಗಳನ್ನು ಹಿಂದಕ್ಕೆ ಕಟ್ಟಲಾಗಿದೆ. ಸೂಚಕ, ಜಾನುಕ ಎಂಬ ಇಬ್ಬರು ರಕ್ಷಕರು ಅವನನ್ನು ಹೊಡೆಯುತ್ತ ತರುತ್ತಾರೆ. ಅವರ ಮೇಲಧಿಕಾರಿಯಾದ ಅರಸನ ಮೈದುನ ಜೊತೆಯಲ್ಲಿದ್ದಾನೆ. ತಾನು ಅಂಥ ಕೆಲಸ ಮಾಡುವವನಲ್ಲವೆಂದು ಬೆಸ್ತ ಹೇಳಿದರೆ, ಸತ್ಪಾತ್ರನೆಂದು ಅರಸನೇ ನಿನಗೆ ಇದನ್ನು ದಾನ ಮಾಡಿದನೇ ಎಂದು ಕುಹಕದ ಪ್ರಶ್ನೆ. ತಾನು ಶಕ್ರಾವತಾರದ ಬೆಸ್ತನೆಂದರೆ, ನಿನ್ನ ಜಾತಿಯನ್ನು ಕೇಳಿದವರು ಯಾರು ಎಂಬ ಗದರಿಕೆ. ರೋಹಿತವೆಂಬ ಮೀನನ್ನು ಕತ್ತರಿಸಿದಾಗ ಅದರ ಹೊಟ್ಟೆಯಲ್ಲಿ ಉಂಗುರ ಕಂಡಿತೆಂದು ಅವನು ನಡೆದದ್ದನ್ನು ನಡೆದಂತೆ ಹೇಳುತ್ತಾನೆ. ಕೊಲ್ಲುವುದಾದರೂ ಬಿಡುವುದಾದರೂ ನಿಮ್ಮ ಇಚ್ಛೆ, ಇದು ದೊರೆತ ಬಗೆ ಇಷ್ಟೇ ಎಂಬ ಅವನ ಮಾತಿನಲ್ಲಿ ದೈನ್ಯಕ್ಕಿಂತ ದಣಿವು ಹೆಚ್ಚು.

ಇಲ್ಲಿ ವಿಮರ್ಶಕ ಗಮನಿಸಬೇಕಾದ ಮೊದಲ ಸಂಗತಿ ಕ್ರಮದ್ದು. ಪೆಟ್ಟು ಮೊದಲು, ಪ್ರಶ್ನೆ ಆಮೇಲೆ. ಬೆಸ್ತನ ಬಳಿ ಅರಸನ ಉಂಗುರವಿದ್ದಾಗ ಸಂಶಯಪಡುವುದು ತಪ್ಪಲ್ಲ; ವಿಚಾರಿಸುವುದು ರಕ್ಷಕರ ಕರ್ತವ್ಯವೇ ಆಗಿತ್ತು. ಆದರೆ ವಿಚಾರಣೆಯ ಹೆಸರಿನಲ್ಲಿ ನಡೆದದ್ದು ಶಿಕ್ಷೆ. ವಿಚಾರಿಸುವ ಅಧಿಕಾರ ಒಬ್ಬರದು, ತೀರ್ಪು ಕೊಡುವ ಅಧಿಕಾರ ಇನ್ನೊಬ್ಬರದು. ಇವೆರಡನ್ನೂ ಒಂದೇ ಕೈ ಹಿಡಿದಾಗ ಎಲ್ಲೆ ಮೀರಿದಂತೆಯೇ ಸರಿ. ಅರಸನ ಅಪ್ಪಣೆ ಬರುವ ಮುನ್ನವೇ, ವಧ್ಯನ ಕೊರಳಿಗೆ ಹೂಮಾಲೆ ಕಟ್ಟಲು ತನ್ನ ಕೈಗಳು ತವಕಿಸುತ್ತಿವೆಯೆಂದು ರಕ್ಷಕನೊಬ್ಬ ಹೇಳುತ್ತಾನೆ. ಇಂದಿನ ಯಾವ ಠಾಣೆಯ ವರದಿಗೂ ಈ ಮಾತು ಹಳೆಯದಾಗಿ ತೋರದು.

ಎರಡನೆಯದು ವೃತ್ತಿಯ ಹೀಯಾಳಿಕೆ. ಬಲೆ ಗಾಳಗಳಿಂದ ಕುಟುಂಬವನ್ನು ಸಾಕುತ್ತೇನೆಂದು ಬೆಸ್ತ ಹೇಳಿದಾಗ ಅಧಿಕಾರಿ ಅದನ್ನು ಬಹು ಪರಿಶುದ್ಧವಾದ ಜೀವನೋಪಾಯವೆಂದು ಅಣಕಿಸುತ್ತಾನೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಓದುಗನಿಗೂ ಇಲ್ಲಿ ಅಧಿಕಾರಿಯ ಜೊತೆ ನಗುವ ಪ್ರಲೋಭನೆ ಉಂಟಾದೀತು. ಆದರೆ ವಿಚಾರಣೆಗೆ ಬಂದಿರುವುದು ಉಂಗುರ, ಬಲೆಯಲ್ಲ. ಒಬ್ಬನ ಕಸುಬನ್ನು ಕಾಣದ ಕಳವಿಗೆ ಸಾಕ್ಷಿಯನ್ನಾಗಿ ಮಾಡಿಕೊಳ್ಳುವುದು ನ್ಯಾಯವಾಗದು. ಮೀನು ಹಿಡಿಯುವವನು ಕಳ್ಳನೂ ಆಗಿರಬೇಕೆಂಬ ಊಹೆಗೂ, ಪಾತ್ರೆ ತೊಳೆಯುವವಳು ಸರ ಕದ್ದಿರಬೇಕೆಂಬ ಊಹೆಗೂ ವ್ಯತ್ಯಾಸವಿಲ್ಲ. ಕಾಳಿದಾಸ ಬೆಸ್ತನ ಬಾಯಿಗೆ ಪ್ರತ್ಯುತ್ತರವನ್ನು ಕೊಟ್ಟಿದ್ದಾನೆ ಎಂಬುದು ಗಮನಾರ್ಹ. ಹುಟ್ಟಿನಿಂದ ಬಂದ ಕೆಲಸವನ್ನು ಜನ ನಿಂದಿಸಿದರೂ ಬಿಡಲಾಗದೆಂದು ಅವನು ಹೇಳುತ್ತಾನೆ. ಕಟ್ಟಿದ ಕೈಗಳಿಂದಲೇ ಆಡಿದ ಈ ಮಾತಿನಲ್ಲಿ ಮಾನವಿದೆ.

ಮೂರನೆಯದು ಅಧಿಕಾರಿಯ ಪರವಾಗಿ ಹೇಳಬೇಕಾದ ಮಾತು. ಅವನು ಅಣಕಿಸಿದರೂ, ಬೆಸ್ತ ಎಲ್ಲವನ್ನೂ ಕ್ರಮವಾಗಿ ಹೇಳಲಿ, ನಡುವೆ ತಡೆಯಬೇಡಿರೆಂದು ತನ್ನ ಆಳುಗಳಿಗೆ ಆಜ್ಞಾಪಿಸುತ್ತಾನೆ. ಮೈಯ ಹಸಿಮೀನಿನ ವಾಸನೆಯಿಂದ ಇವನು ಬೆಸ್ತನೇ ಹೌದೆಂದು ಒಪ್ಪುತ್ತಾನೆ. ಉಂಗುರದ ವಿಷಯ ಪರಿಶೀಲನೆಯಾಗಬೇಕೆಂದು ತಾನೇ ಅರಮನೆಗೆ ಹೋಗುತ್ತಾನೆ. ಬೆಸ್ತನ ಜೀವ ಉಳಿದದ್ದು ಯಾರ ಕರುಣೆಯಿಂದಲೂ ಅಲ್ಲ, ಈ ಒಂದು ಕ್ರಮದಿಂದ. ಮೇಲಿನವರ ಪರಿಶೀಲನೆಗೆ ಒಪ್ಪಿಸಬೇಕೆಂಬ ನಿಯಮ ಇಲ್ಲದಿದ್ದರೆ ಮಾಲೆ ಕಟ್ಟುವ ಕೈಗಳು ಕಾಯುತ್ತಿರಲಿಲ್ಲ.

ಪ್ರಸಂಗದ ಕೊನೆ ಇನ್ನಷ್ಟು ಕಹಿ. ಅರಸ ಉಂಗುರದ ಬೆಲೆಯಷ್ಟೇ ಹಣವನ್ನು ಬೆಸ್ತನಿಗೆ ಕೊಡಿಸುತ್ತಾನೆ. ಶೂಲದಿಂದ ಇಳಿದವನು ಆನೆಯ ಹೆಗಲೇರಿದನೆಂದು ರಕ್ಷಕರಿಗೆ ಹೊಟ್ಟೆಯುರಿ. ಬೆಸ್ತ ಆ ಹಣದಲ್ಲಿ ಅರ್ಧವನ್ನು ಹೂವಿನ ಬೆಲೆಯೆಂದು ಅವರಿಗೇ ಕೊಡುತ್ತಾನೆ. ತನ್ನ ಮರಣದ ಮಾಲೆಗೆ ತಾನೇ ಬೆಲೆ ತೆರುತ್ತಾನೆ! ಅದು ತಕ್ಕದ್ದೇ ಎಂದು ರಕ್ಷಕ ಸ್ವೀಕರಿಸುತ್ತಾನೆ. ಅಧಿಕಾರಿ ಅವನನ್ನು ಗೆಳೆಯನೆಂದು ಕರೆದು ಹೆಂಡದಂಗಡಿಗೆ ಕರೆದೊಯ್ಯುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಆದರೆ ಹೊಡೆದವರಿಗೆ ದಂಡನೆಯಾಗಲಿಲ್ಲ, ತಪ್ಪಾಯಿತೆಂಬ ಮಾತನ್ನು ಯಾರೂ ಆಡಲಿಲ್ಲ. ಪರಿಹಾರ ಬಂತು, ಅರ್ಧ ಹೋಯಿತು.

ಇಷ್ಟಕ್ಕೂ ಉಂಗುರ ಕಳೆದದ್ದು ಹೇಗೆ? ಶಚೀತೀರ್ಥದ ನೀರಿನಲ್ಲಿ ಅದು ಶಕುಂತಲೆಯ ಬೆರಳಿನಿಂದ ಜಾರಿತು. ಅದನ್ನು ಅವಳಿಗೆ ತೊಡಿಸಿದವನು ದುಷ್ಯಂತನೇ; ತೊಡಿಸಿದ್ದನ್ನು ಮರೆತವನೂ ಅವನೇ. ಮರೆವಿಗೆ ಶಾಪವೇ ಕಾರಣವಿರಲಿ, ಮರೆತವರು ಒಡೆಯರು, ಪೆಟ್ಟು ತಿಂದವನು ಬೆಸ್ತ. ಇಡೀ ನಾಟಕ ಆ ಮರೆವಿನ ಬೆಲೆಯನ್ನು ಶಕುಂತಲೆಯ ಕಣ್ಣೀರಿನಲ್ಲಿ, ಅರಸನ ಪಶ್ಚಾತ್ತಾಪದಲ್ಲಿ ಎಣಿಸುತ್ತದೆ. ಆ ಲೆಕ್ಕದಲ್ಲಿ ಬೆಸ್ತನ ಬೆನ್ನಿನ ಬಾಸುಂಡೆ ಸೇರಿಲ್ಲ.

ಈ ಲೆಕ್ಕ ಇಂದಿಗೂ ಹಾಗೆಯೇ ಉಳಿದಿದೆ ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. 2025ರ ಏಪ್ರಿಲ್‌ನಲ್ಲಿ ತಿರುವನಂತಪುರದ ಮನೆಯೊಂದರಲ್ಲಿ ಚಿನ್ನದ ಸರ ಕಾಣೆಯಾಯಿತು. ಮನೆಗೆಲಸದ ಮಹಿಳೆಯ ಮೇಲೆ ದೂರು ಹೋಯಿತು. ಪೇರೂರ್ಕಡ ಠಾಣೆಯಲ್ಲಿ ಆಕೆಯನ್ನು ರಾತ್ರಿಯಿಡೀ ಇರಿಸಿಕೊಂಡರು. ಕುಡಿಯಲು ನೀರು ಕೇಳಿದರೆ ಶೌಚಾಲಯದಲ್ಲಿದೆ, ಕುಡಿ ಎಂದರೆಂದೂ, ಒಪ್ಪಿಕೊಳ್ಳದಿದ್ದರೆ ಹೆಣ್ಣುಮಕ್ಕಳನ್ನೂ ಪ್ರಕರಣದಲ್ಲಿ ಸೇರಿಸುವುದಾಗಿ ಬೆದರಿಸಿದರೆಂದೂ ಆಕೆ ಬಳಿಕ ದೂರಿದರು. ಸರ ಆ ಮನೆಯಲ್ಲೇ ದೊರೆಯಿತು. ಸಂಗತಿ ಬಹಿರಂಗವಾದ ಮೇಲೆ, ಮೇ ತಿಂಗಳಲ್ಲಿ, ಠಾಣೆಯ ಸಬ್ ಇನ್ಸ್‌ಪೆಕ್ಟರ್ ಅಮಾನತಾದರು. ಮುಂದೆ ಮನೆಯವರ ಮೇಲೂ ಠಾಣೆಯ ಅಧಿಕಾರಿಗಳ ಮೇಲೂ ಮೊಕದ್ದಮೆ ದಾಖಲಾಯಿತು. ಕಾಳಿದಾಸನ ಪ್ರಸಂಗಕ್ಕಿಂತ ಇಲ್ಲಿ ಒಂದು ಹೆಜ್ಜೆ ಮುಂದೆ ಹೋದಂತಾಯಿತೆನ್ನಬಹುದು. ಆದರೆ ಆ ಒಂದು ರಾತ್ರಿಯನ್ನು ಹಿಂದಿರುಗಿಸುವ ಶಕ್ತಿ ಯಾವ ಆಜ್ಞೆಗೂ ಇಲ್ಲ.

ಇಂಥ ಸಂದರ್ಭದಲ್ಲಿ ಪೊಲೀಸರ ಅಧಿಕಾರದ ಎಲ್ಲೆ ಅಸ್ಪಷ್ಟವಾಗಿದೆಯೇ? ಇಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಬಂಧನದ ಅಧಿಕಾರವಿದೆ ಎಂದಮಾತ್ರಕ್ಕೆ ಬಂಧಿಸಲಾಗದು, ಅದಕ್ಕೆ ತಕ್ಕ ಕಾರಣವಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ 1994ರಲ್ಲಿ ಸ್ಪಷ್ಟಪಡಿಸಿತು. 1996ರ ಡಿಸೆಂಬರ್‌ನಲ್ಲಿ ಡಿ. ಕೆ. ಬಸು ಪ್ರಕರಣದ ತೀರ್ಪು ಬಂಧನದ ಪತ್ರವನ್ನು ಬರೆಯುವುದು, ಬಂಧುಗಳಿಗೆ ತಿಳಿಸುವುದು, ವೈದ್ಯ ಪರೀಕ್ಷೆ ಮಾಡಿಸುವುದು ಮುಂತಾದ ನಿಯಮಗಳನ್ನು ವಿಧಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಮಹಿಳೆಯನ್ನು ಸೂರ್ಯಾಸ್ತದ ಬಳಿಕ ಸೂರ್ಯೋದಯಕ್ಕೆ ಮುನ್ನ ಬಂಧಿಸಲು ಅಸಾಧಾರಣ ಕಾರಣವೂ ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯೂ ಬೇಕು. ನೌಕರನು ಮಾಡಿದ ಕಳವಿಗೆ ಏಳು ವರ್ಷಗಳವರೆಗೆ ಶಿಕ್ಷೆಯಿದ್ದರೂ, ಆ ಪ್ರಮಾಣದ ಅಪರಾಧಗಳಲ್ಲಿ ಬಂಧನ ತಾನಾಗಿ ಒದಗುವ ಕ್ರಮವಲ್ಲ. ಅದರ ಅಗತ್ಯವನ್ನು ಅಧಿಕಾರಿ ಬರೆದಿಡಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗಲು ತಿಳಿವಳಿಕೆ ಪತ್ರ ಕೊಡಬೇಕು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಹೀಗಿರುವಾಗ ಹೊಡೆದು ಬಾಯಿ ಬಿಡಿಸುವುದರಿಂದ ಕಾನೂನಿಗೆ ಪ್ರಯೋಜನವೇನು?

ಪ್ರಯೋಜನ ಕಾನೂನಿಗಲ್ಲ, ದೂರು ಕೊಟ್ಟವರಿಗೆ. ಇದೇ ಈ ವಿಷಯದ ತಿರುಳು. ಅನೇಕ ಮನೆಗಳಲ್ಲಿ, ಅಂಗಡಿಗಳಲ್ಲಿ, ಸಂಸ್ಥೆಗಳಲ್ಲಿ ವಸ್ತು ಕಾಣೆಯಾದಾಗ ಬಯಸುವುದು ಮೊಕದ್ದಮೆಯನ್ನಲ್ಲ. ಠಾಣೆಗೆ ಕರೆಸಿ ಸ್ವಲ್ಪ ಹೆದರಿಸಿದರೆ ವಸ್ತು ಹೊರಬರುತ್ತದೆ ಎಂಬ ಸಲಹೆಯನ್ನು. ಈ ಹೆದರಿಸುವಿಕೆಗೆ ಯಾವ ಕಾಯಿದೆಯಲ್ಲೂ ಸ್ಥಾನವಿಲ್ಲ. ಪರಿಚಯದ ಅಧಿಕಾರಿಗೆ ಮಾಡಿದ ಒಂದು ದೂರವಾಣಿ ಕರೆಯಲ್ಲಿ ಅದು ಹುಟ್ಟುತ್ತದೆ. ಎಲ್ಲೆ ಮೀರಿದ ಹೆಜ್ಜೆ ಠಾಣೆಯಲ್ಲಿ ಬಿದ್ದರೂ ಎತ್ತಿದ್ದು ಮನೆಯ ಪಡಸಾಲೆಯಲ್ಲಿ. ತಾನು ಹೊಡೆಯಲಿಲ್ಲ, ಬಯ್ಯಲಿಲ್ಲ ಎಂದು ಗೃಹಸ್ಥ ಸಮಾಧಾನಪಟ್ಟುಕೊಳ್ಳಬಹುದು. ತಾನು ಮಾಡದೆ ಇತರರಿಂದ ಮಾಡಿಸಿದ್ದು ತನ್ನದಲ್ಲವೆಂದು ಯಾವ ನೀತಿಯೂ ಹೇಳಿಲ್ಲ.

ಆರೋಪವೇ ಸೇವಕನ ಬಾಯಿ ಮುಚ್ಚಿಸುವ ಆಯುಧವಾಗುವುದನ್ನು ಶೂದ್ರಕನ ‘ಮೃಚ್ಛಕಟಿಕ’ ಕಾಳಿದಾಸನಿಗಿಂತ ತೀಕ್ಷ್ಣವಾಗಿ ಕಂಡಿದೆ. ವಸಂತಸೇನೆಯನ್ನು ಕೊಲ್ಲಲೊಪ್ಪದ ದಾಸ ಸ್ಥಾವರಕನನ್ನು ಒಡೆಯ ಶಕಾರ ಸಂಕಲೆಯಲ್ಲಿಡುತ್ತಾನೆ. ಅವನು ಹೇಗೋ ಹೊರಬಿದ್ದು ನಿಜವನ್ನು ಕೂಗಿ ಹೇಳಿದಾಗ, ಬಾಯಿ ಮುಚ್ಚಿಸಲೆಂದು ತಾನೇ ಗುಟ್ಟಾಗಿ ಕೊಟ್ಟ ಚಿನ್ನದ ಕಡಗವನ್ನು ತೋರಿಸಿ, ಇವನು ಕದ್ದವನು, ಅದಕ್ಕೇ ಕಟ್ಟಿ ಹೊಡೆದಿದ್ದೆ ಎನ್ನುತ್ತಾನೆ. ಎಲ್ಲರೂ ನಂಬುತ್ತಾರೆ. ದಾಸನಾದವನ ಸತ್ಯವನ್ನು ಯಾರೂ ನಂಬರೆಂದು ಸ್ಥಾವರಕ ಮರುಗುತ್ತಾನೆ. ಸಂಬಳದ ಬಾಕಿಯನ್ನು ಕೇಳಿದ ದಿನವೇ ಕಳವಿನ ಆರೋಪ ಹುಟ್ಟುವ ಮನೆಗಳು ಇಂದಿಗೂ ಇರಬಹುದು; ಅಲ್ಲಿ ಆರೋಪವನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವ ಠಾಣೆ ಶಕಾರನ ಕೈಯ ಕಡಗವಾಗುತ್ತದೆ. ಶೂದ್ರಕ ಕೊನೆಯಲ್ಲಿ ಸ್ಥಾವರಕನಿಗೆ ದಾಸ್ಯದಿಂದ ಬಿಡುಗಡೆ ಕೊಟ್ಟಿದ್ದಾನೆ. ಬರಿಯ ಹಣಕ್ಕಿಂತ ಅದು ಮೇಲಾದ ಪರಿಹಾರ.

ಬೆಸ್ತನ ಪ್ರಸಂಗಕ್ಕೆ ಒಂದು ಮಿತಿಯೂ ಇದೆ. ಬೆಸ್ತ ನಿರಪರಾಧಿಯೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಆದ್ದರಿಂದ ಪೆಟ್ಟುಗಳು ನೋಯಿಸುತ್ತವೆ. ಅವನು ನಿಜವಾಗಿ ಕದ್ದಿದ್ದರೆ? ಆಗ ಹೊಡೆತ ಸರಿಯಾಗುತ್ತಿತ್ತೇ? ನಾಟಕ ಈ ಪ್ರಶ್ನೆಯನ್ನು ಕೇಳುವುದಿಲ್ಲ. ತಿರುವನಂತಪುರದ ಪ್ರಕರಣದಲ್ಲೂ ಸರ ಸಿಕ್ಕಿದ್ದರಿಂದ ನ್ಯಾಯಕ್ಕೆ ದಾರಿ ಸುಲಭವಾಯಿತು. ಸಿಗದೆ ಹೋಗಿದ್ದರೆ ಆಕೆಯ ಮಾತನ್ನು ಎಷ್ಟು ಜನ ನಂಬುತ್ತಿದ್ದರು? ಕದ್ದವನಿಗೂ ನ್ಯಾಯಾಲಯವುಂಟು, ಅವನಿಗೂ ಕುಡಿಯುವ ನೀರುಂಟು ಎನ್ನುವುದೇ ಕಾನೂನಿನ ನಿಲುವು. ಅನುಕಂಪಕ್ಕೆ ನಿರಪರಾಧಿತ್ವದ ಆಧಾರ ಬೇಕು, ನ್ಯಾಯಕ್ಕೆ ಬೇಡ.

ಇದರಿಂದ ವಸ್ತು ಕಳೆದುಕೊಂಡವರು ಸುಮ್ಮನಿರಬೇಕೆಂದು ಅರ್ಥವಲ್ಲ. ಕಳವು ನಡೆಯುತ್ತದೆ, ಆಳುಗಳಿಂದಲೂ ನಡೆಯುತ್ತದೆ. ದೂರು ಕೊಡುವುದು ಹಕ್ಕು. ಕಳವಿನಂಥ ಅಪರಾಧದ ಮಾಹಿತಿ ಬಂದಾಗ ಅದನ್ನು ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2013ರಲ್ಲಿ ಹೇಳಿದೆ. ಆದರೆ ಏನು ಕಳೆಯಿತೆಂದು ಹೇಳುವುದು ಬೇರೆ, ಯಾರು ಕದ್ದರೆಂದು ತೀರ್ಮಾನಿಸುವುದು ಬೇರೆ. ಅಂಗಡಿಯ ಲೆಕ್ಕದಲ್ಲಿ ಕೊರತೆ ಕಂಡಾಗ ವಿವೇಕಿಯಾದ ವರ್ತಕ ಗುಮಾಸ್ತೆಯ ಕೊರಳಪಟ್ಟಿ ಹಿಡಿಯುವ ಮುನ್ನ ಕೂಡಿದ್ದನ್ನು ಮತ್ತೊಮ್ಮೆ ಕೂಡುತ್ತಾನೆ. ತನ್ನ ಕೈಯಿಂದಲೇ ಬರೆಯದೆ ಬಿಟ್ಟ ಖರ್ಚನ್ನು ನೆನೆಯುತ್ತಾನೆ. ಮನೆಯ ಕಪಾಟಿಗೂ ದೇವಾಲಯದ ಉಗ್ರಾಣಕ್ಕೂ ಈ ನಿಯಮವೇ ಸಲ್ಲುತ್ತದೆ. ಮೊದಲು ಹುಡುಕುವುದು, ಬಳಿಕ ಲಿಖಿತವಾಗಿ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯುವುದು, ಹೆದರಿಸಿರೆಂದು ಯಾರಲ್ಲಿಯೂ ಕೇಳದಿರುವುದು, ವಸ್ತು ಸಿಕ್ಕಿದರೆ ಅದೇ ಗಳಿಗೆಯಲ್ಲಿ ಠಾಣೆಗೂ, ಸಂಶಯಕ್ಕೆ ಒಳಗಾದವರಿಗೂ, ಅದನ್ನು ಕೇಳಿದ ನೆರೆಯವರಿಗೂ ತಿಳಿಸುವುದು.

ದುಷ್ಯಂತನಿಗೆ ಉಂಗುರ ಕಂಡೊಡನೆ ಶಕುಂತಲೆಯ ನೆನಪು ಬಂತು. ಅದನ್ನು ತಂದವನ ನೆನಪು ಹಣದ ಥೈಲಿಯಲ್ಲಿ ಮುಗಿಯಿತು. ಅವನನ್ನು ಒಳಗೆ ಕರೆಸಿ, ನಿನ್ನನ್ನು ಯಾರಾದರೂ ಹೊಡೆದರೇ ಎಂದು ಅರಸ ಒಂದು ಮಾತು ಕೇಳಿದ್ದರೆ ಪ್ರವೇಶಕ ಸ್ವಲ್ಪ ಉದ್ದವಾಗುತ್ತಿತ್ತು, ನಗೆ ಸ್ವಲ್ಪ ಕಡಿಮೆಯಾಗುತ್ತಿತ್ತು. ಕಳೆದ ವಸ್ತು ಮರಳಿ ದೊರೆತ ಪ್ರತಿ ಮನೆಯಲ್ಲೂ ಆ ಪ್ರಶ್ನೆಯನ್ನು ಕೇಳುವ ಅವಕಾಶ ಇನ್ನೂ ಇದೆ.